ಸೆಂಟ್‌ಒಎಸ್ ಒಡೆದ ಮೇಲೆ: ಆಲ್ಮಾವೋ, ರಾಕಿಯೋ?

ರೆಡ್ ಹ್ಯಾಟ್ ಕಂಪನಿ ಚಂದಾಕ್ಕೆ ಕೊಡುವ ಲಿನಕ್ಸ್ ರೆಲ್ (ರೆಡ್ ಹ್ಯಾಟ್ ಎಂಟರ್‌ಪ್ರೈಸ್ ಲಿನಕ್ಸ್), ಅದರ ಉಚಿತ ಪಡಿಯಚ್ಚು ಸೆಂಟ್‌ಒಎಸ್. ಸೆಂಟ್‌ಒಎಸ್ 7 ಇರುವ ಸರ್ವರ್‌ನಲ್ಲಿ ಈಗ ಯಮ್ ಅಪ್‌ಡೇಟ್ ಕೊಟ್ಟರೆ ಮಿರರ್‌ಲಿಸ್ಟ್ (ಪ್ಯಾಕೇಜು ಸಿಗುವ ಸರ್ವರ್‌ಗಳ ಪಟ್ಟಿ) ಹೋಸ್ಟ್ ಸಿಗಲಿಲ್ಲ ಎಂಬ ಎರರ್ ಬರುತ್ತದೆ. ನಿಮ್ಮ ನೆಟ್‌ವರ್ಕ್ ಕೆಟ್ಟಿಲ್ಲ. 2024ರ ಜೂನ್ 30ಕ್ಕೆ ಆ ಆವೃತ್ತಿಯ ಅವಧಿ ಮುಗಿಯಿತು, ಮಿರರ್‌ಲಿಸ್ಟ್ ಸೇವೆಯೂ ನಿಂತಿತು. ರೆಪೊ ಫೈಲುಗಳಲ್ಲಿ ಮಿರರ್‌ಲಿಸ್ಟ್ ಸಾಲನ್ನು ಕಮೆಂಟ್ ಮಾಡಿ ಬೇಸ್‌ಯುಆರ್‌ಎಲ್ ಅನ್ನು ವಾಲ್ಟ್ ಎಂಬ ಹಳೆಯ ಆವೃತ್ತಿಗಳ ಸಂಗ್ರಹಕ್ಕೆ ತಿರುಗಿಸಿದರೆ ಹಳೆಯ ಪ್ಯಾಕೇಜುಗಳು ಸಿಗುತ್ತವೆ. ಹೊಸ ಭದ್ರತಾ ಪ್ಯಾಚ್ ಸಿಗುವುದಿಲ್ಲ. ವಲಸೆಗೆ ಸಿದ್ಧವಾಗುವಷ್ಟಕ್ಕೆ ಮಾತ್ರ ಈ ದಾರಿ.

ವಲಸೆ ಎಲ್ಲಿಗೆ ಎಂಬುದೇ ಕಷ್ಟದ ಪ್ರಶ್ನೆ. 2014ರಲ್ಲಿ ಸೆಂಟ್‌ಒಎಸ್ ರೆಡ್ ಹ್ಯಾಟ್ ಕೈಗೆ ಬಂತು. 8ನೇ ಆವೃತ್ತಿ 2029ರವರೆಗೆ ಇರುತ್ತದೆ ಎಂದು ನಂಬಿ ಜನ ಸರ್ವರ್ ಕಟ್ಟಿದ್ದರು. 2020ರ ಡಿಸೆಂಬರ್‌ನಲ್ಲಿ ಒಂದೇ ಪ್ರಕಟಣೆಯಿಂದ ಆ ಗಡುವು 2021ರ ಕೊನೆಗೆ ಇಳಿಯಿತು. ಮರುವರ್ಷವೇ ಆ ಜಾಗ ತುಂಬಲು ಆಲ್ಮಾಲಿನಕ್ಸ್, ರಾಕಿ ಲಿನಕ್ಸ್ ಹುಟ್ಟಿದವು. 2023ರ ಜೂನ್‌ನಲ್ಲಿ ರೆಡ್ ಹ್ಯಾಟ್ ಮತ್ತೊಂದು ಬಾಗಿಲು ಮುಚ್ಚಿತು: ಸಾರ್ವಜನಿಕರಿಗೆ ಸೆಂಟ್‌ಒಎಸ್ ಸ್ಟ್ರೀಮ್‌ನ (ರೆಲ್‌ನ ಮುಂದಿನ ಆವೃತ್ತಿ ರೂಪುಗೊಳ್ಳುವ ಲಿನಕ್ಸ್) ಸೋರ್ಸ್ ಮಾತ್ರ, ರೆಲ್‌ನದ್ದು ಗ್ರಾಹಕರಿಗೆ ಮಾತ್ರ. ಜಿಪಿಎಲ್ ಎಂಬ ಮುಕ್ತ ತಂತ್ರಾಂಶ ಪರವಾನಗಿಯ ಪ್ರಕಾರ ಬೈನರಿ (ಓಡಲು ಸಿದ್ಧವಾದ ಪ್ರೋಗ್ರಾಂ) ಪಡೆದವರಿಗೆ ಸೋರ್ಸ್ ಕೊಟ್ಟರೆ ಸಾಕು, ಊರಿಗೆಲ್ಲ ಹಂಚಬೇಕೆಂದಿಲ್ಲ. ಆದರೆ ಆ ಸೋರ್ಸ್ ಮರುಹಂಚಿದ ಗ್ರಾಹಕರ ಚಂದಾ ರದ್ದಾಗುವ ಅಪಾಯವಿದೆ. ಸಮುದಾಯದ ದುಡಿಮೆಯ ಮೇಲೆ ನಿಂತ ಕಂಪನಿ ಹೀಗೆ ಮಾಡಬಾರದಿತ್ತು ಎಂಬುದು ನನ್ನ ಖಚಿತ ಅಭಿಪ್ರಾಯ.

ಅಲ್ಲಿಂದ ಆಲ್ಮಾ, ರಾಕಿ ಎರಡರ ದಾರಿಯೂ ಬೇರೆಯಾಯಿತು. ರಾಕಿ ರೆಲ್‌ನ ಪಡಿಯಚ್ಚಾಗಿಯೇ ಉಳಿಯುವ ಹಟ ಹಿಡಿಯಿತು. ರೆಡ್ ಹ್ಯಾಟ್ ಉಚಿತವಾಗಿ ಕೊಡುವ ಯುಬಿಐ ಎಂಬ ಕಂಟೇನರ್ ಇಮೇಜುಗಳು, ಬಾಡಿಗೆ ಕ್ಲೌಡ್ ಸರ್ವರ್‌ಗಳಿಂದ ಸೋರ್ಸ್ ಪಡೆಯುವುದಾಗಿ ಹೇಳಿತು. ಆಲ್ಮಾ ಪಡಿಯಚ್ಚಿನ ಗುರಿ ಬಿಟ್ಟು ಎಬಿಐ ಹೊಂದಾಣಿಕೆಗೆ ನಿಂತಿತು: ರೆಲ್‌ನಲ್ಲಿ ಓಡುವ ಬೈನರಿ ಇಲ್ಲೂ ಓಡಬೇಕು, ಬಗ್ ಕೂಡ ಅದೇ ಇರಬೇಕೆಂದಿಲ್ಲ. ಆದ್ದರಿಂದ ರೆಡ್ ಹ್ಯಾಟ್‌ಗಿಂತ ಮುಂಚೆಯೇ ಪ್ಯಾಚ್ ಹಾಕುವ ಸ್ವಾತಂತ್ರ್ಯ ಅದಕ್ಕಿದೆ.

ಹಳೆಯ ಯಂತ್ರ ಇಟ್ಟುಕೊಂಡವರಿಗೆ ಈ ವ್ಯತ್ಯಾಸ ನೇರವಾಗಿ ತಟ್ಟುತ್ತದೆ. ಡೆಲ್ ಪರ್ಕ್ 6/ಐ ನಂಥ ರೇಡ್ ಕಾರ್ಡುಗಳ (ಹಲವು ಡಿಸ್ಕುಗಳನ್ನು ಒಟ್ಟಾಗಿ ನಿಭಾಯಿಸುವ ಕಾರ್ಡು) ಬೆಂಬಲವನ್ನು ರೆಲ್ 8ರಲ್ಲೇ ತೆಗೆದಿದ್ದಾರೆ. ಇನ್‌ಸ್ಟಾಲರ್‌ಗೆ ಡಿಸ್ಕೇ ಕಾಣುವುದಿಲ್ಲ. ಇಂಥ ಹಲವು ಕಾರ್ಡುಗಳನ್ನು ಆಲ್ಮಾ 9.4ರಲ್ಲಿ ಮತ್ತೆ ಸೇರಿಸಿತು. ರೆಲ್ 10ಕ್ಕೆ ಎಕ್ಸ್86-64-ವಿ3 ಮಟ್ಟದ ಪ್ರೊಸೆಸರ್ ಬೇಕು, ಇಂಟೆಲ್‌ನಲ್ಲಾದರೆ 2013ರ ಹ್ಯಾಸ್‌ವೆಲ್ ತಲೆಮಾರಿನಿಂದ ಈಚಿನದು. ಸಿಪಿಯು ಫ್ಲ್ಯಾಗುಗಳಲ್ಲಿ ಎವಿಎಕ್ಸ್2 ಇಲ್ಲದಿದ್ದರೆ ಅದು ಓಡುವುದಿಲ್ಲ. ಆಲ್ಮಾ 10 ಮಾತ್ರ ಅದಕ್ಕಿಂತ ಹಳೆಯ ವಿ2 ಮಟ್ಟಕ್ಕೆ ಪ್ರತ್ಯೇಕ ಬಿಲ್ಡ್ ಕೊಡುತ್ತಿದೆ. ಆದರೆ ಬೇರೆ ಕಂಪನಿಗಳ ಪ್ಯಾಕೇಜ್ ವಿ3ಗೆಂದೇ ಕಟ್ಟಿದ್ದರೆ ಅದು ಅಲ್ಲಿ ಓಡುವ ಭರವಸೆಯಿಲ್ಲ. ಸಾಫ್ಟ್‌ವೇರ್ ಮಾರಾಟಗಾರರು ರೆಲ್ ಪ್ರಮಾಣೀಕರಣವನ್ನೇ ಕೇಳಿದರೆ ಆಲ್ಮಾ, ರಾಕಿ ಎರಡೂ ಬೇಡ, ರೆಲ್ ಚಂದಾ ಕೊಳ್ಳಿ.

7ರಿಂದ ನೇರ 9ಕ್ಕೆ ಹಾರಲಾಗದು. ಆಲ್ಮಾದ ವಲಸೆ ಸಾಧನ ಎಲಿವೇಟ್, ಲೀಪ್ ಎಂಬ ಅಪ್‌ಗ್ರೇಡ್ ಉಪಕರಣವನ್ನು ಆಧರಿಸಿ ಮೊದಲು 8ಕ್ಕೆ, ಆಮೇಲೆ 9ಕ್ಕೆ ಒಯ್ಯುತ್ತದೆ. ಸ್ನ್ಯಾಪ್‌ಶಾಟ್ ತೆಗೆದು ಪ್ರೀಅಪ್‌ಗ್ರೇಡ್ (ಮುಂಚಿನ ತಪಾಸಣೆ) ಓಡಿಸಿ, ವರದಿ ಓದಿ. ವರ್ಚುವಲ್ ಯಂತ್ರಗಳಲ್ಲಿ ಸಾಮಾನ್ಯವಾಗಿ ತಡೆಯುವುದು ಲೋಡ್ ಆಗಿರುವ ಪಾಟಾ ಎಸಿಪಿಐ, ಫ್ಲಾಪಿ ಎಂಬ ಕರ್ನಲ್ ಮಾಡ್ಯೂಲುಗಳು. 8ರಲ್ಲಿ ಅವು ಇಲ್ಲ, ಅನ್‌ಲೋಡ್ ಮಾಡಿಬಿಡಿ. ಒಂದಕ್ಕಿಂತ ಹೆಚ್ಚು ನೆಟ್‌ವರ್ಕ್ ಕಾರ್ಡುಗಳಿಗೆ ಇಟಿಎಚ್‌ನಿಂದ ಶುರುವಾಗುವ ಹೆಸರಿದ್ದರೂ ನಿಲ್ಲುತ್ತದೆ, ರೀಬೂಟ್‌ನಲ್ಲಿ ಅವುಗಳ ಕ್ರಮ ಅದಲುಬದಲಾಗಬಹುದು. ಎಸ್‌ಎಸ್‌ಎಚ್ ಕಾನ್ಫಿಗ್‌ನಲ್ಲಿ ಪರ್ಮಿಟ್‌ರೂಟ್‌ಲಾಗಿನ್ (ರೂಟ್ ಬಳಕೆದಾರ ಒಳಬರಬಹುದೇ ಎಂದು ಹೇಳುವ) ಸಾಲು ಬರೆದಿರದಿದ್ದರೆ ಸ್ಪಷ್ಟವಾಗಿ ಬರೆಯಿರಿ. ಮುಗಿದ ಮೇಲೆ ಆರ್‌ಪಿಎಂ ಪಟ್ಟಿಯಲ್ಲಿ (ಇನ್‌ಸ್ಟಾಲ್ ಆದ ಪ್ಯಾಕೇಜುಗಳ ಪಟ್ಟಿ) 7ನೇ ಆವೃತ್ತಿಯ ಗುರುತಾದ ಇಎಲ್7 ಎಂದು ಹುಡುಕಿ. ಹಾಗೆ ಉಳಿದುಹೋದ ಪ್ಯಾಕೇಜುಗಳಿಗೆ ಇನ್ನು ಅಪ್‌ಡೇಟ್ ಬರುವುದಿಲ್ಲ, ಒಂದೊಂದಾಗಿ ಬದಲಾಯಿಸಿ ಇಲ್ಲವೇ ತೆಗೆಯಿರಿ.