ಓರಿಯೋಲ್ಸ್ ಕತೆ: ಸೋತಿದ್ದು ಒಂದು, ಕಟ್ಟಿದ್ದು ಇನ್ನೊಂದು

2023ರಲ್ಲಿ ಅಮೆರಿಕದ ಬೇಸ್‌ಬಾಲ್ ತಂಡ ಬಾಲ್ಟಿಮೋರ್ ಓರಿಯೋಲ್ಸ್ 101 ಪಂದ್ಯ ಗೆದ್ದಿತು. ತಂಡ ಕಟ್ಟೋದು ಅಂದ್ರೆ ಹೀಗೆ ಅಂತ ಎಲ್ಲರೂ ಬೆರಳು ಮಾಡಿ ತೋರಿಸಿದರು. ಎರಡೇ ವರ್ಷಕ್ಕೆ, 2025ರಲ್ಲಿ, ಅದೇ ತಂಡ 87 ಪಂದ್ಯ ಸೋತು ತನ್ನ ವಿಭಾಗದಲ್ಲಿ ಕೊನೆಗೆ ಹೋಗಿ ಕೂತಿತು. ಈಗ ಆ ಊರಿನ ಅಭಿಮಾನಿಗಳಲ್ಲಿ ಎರಡು ಪಂಗಡ. ಕಟ್ಟಿದ ಮನೆಯ ಪಾಯವೇ ಸರಿ ಇರಲಿಲ್ಲ ಅನ್ನುವವರು ಒಂದು ಕಡೆ, ಪಾಯ ಸರಿಯಾಗೇ ಇದೆ, ಮೇಲೆ ಹೆಂಚು ಹೊದಿಸಲು ದುಡ್ಡು ಬಿಚ್ಚಲಿಲ್ಲ ಅನ್ನುವವರು ಇನ್ನೊಂದು ಕಡೆ. ಈ ಜಗಳ ಅರ್ಥ ಆಗಬೇಕಾದರೆ ಸ್ವಲ್ಪ ಹಿಂದಕ್ಕೆ ಹೋಗಬೇಕು.

ಬೇಸ್‌ಬಾಲ್ ಅಷ್ಟಾಗಿ ನೋಡದವರಿಗೆ ಮೊದಲು ಎರಡು ಮಾತು. ಅಲ್ಲಿ ಹೊಸ ಹುಡುಗರನ್ನು ಐಪಿಎಲ್ ಥರ ಹರಾಜಿನಲ್ಲಿ ಕೊಳ್ಳುವುದಿಲ್ಲ. ಡ್ರಾಫ್ಟ್ ಅಂತ ಇದೆ, 30 ತಂಡಗಳು ಸರದಿಯಲ್ಲಿ ಒಬ್ಬೊಬ್ಬರನ್ನು ಆರಿಸಿಕೊಳ್ಳುತ್ತವೆ, 2022ರವರೆಗೆ ಹಿಂದಿನ ವರ್ಷ ಜಾಸ್ತಿ ಸೋತವರಿಗೆ ಮೊದಲ ಸರದಿ ಸಿಗುತ್ತಿತ್ತು. ಆರಿಸಿದ ಹುಡುಗ ನೇರವಾಗಿ ದೊಡ್ಡ ತಂಡಕ್ಕೆ ಬರುವುದಿಲ್ಲ. ಸಣ್ಣ ಊರುಗಳ ಕಿರಿಯ ತಂಡಗಳಲ್ಲಿ ವರ್ಷಗಟ್ಟಲೆ ಪಳಗಬೇಕು. ಇದಕ್ಕೇ ಫಾರ್ಮ್ ಅನ್ನೋದು. ಓರಿಯೋಲ್ಸ್‌ಗೆ ಇದರ ಕೊನೆಯ ಮೆಟ್ಟಿಲು ವರ್ಜೀನಿಯಾದ ನಾರ್ಫೋಕ್. ಡೊಮಿನಿಕನ್ ಗಣರಾಜ್ಯ, ವೆನೆಜುವೆಲಾ ಕಡೆಯ ಹುಡುಗರು ಮಾತ್ರ ಈ ಡ್ರಾಫ್ಟ್‌ಗೆ ಬರುವುದಿಲ್ಲ. ಅವರನ್ನು 16ನೇ ವಯಸ್ಸಿಗೇ ಹುಡುಕಿ ಹೋಗಿ ಒಪ್ಪಂದ ಮಾಡಿಕೊಳ್ಳಬೇಕು. ಈ ಕೊನೆಯ ಮಾತನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

1954ರಲ್ಲಿ ಸೇಂಟ್ ಲೂಯಿಸ್ ಬಿಟ್ಟು ಬಾಲ್ಟಿಮೋರ್‌ಗೆ ಬಂದ ಈ ತಂಡ 1966, 1970, 1983ರಲ್ಲಿ ವರ್ಲ್ಡ್ ಸೀರೀಸ್, ಅಂದರೆ ವರ್ಷದ ಚಾಂಪಿಯನ್ ಪಟ್ಟ, ಗೆದ್ದಿತು, ಆಮೇಲೆ ಇವತ್ತಿನವರೆಗೂ ಗೆದ್ದಿಲ್ಲ, 1998ರಿಂದ 2011ರವರೆಗಂತೂ ಸತತ 14 ವರ್ಷ ಗೆದ್ದದ್ದಕ್ಕಿಂತ ಸೋತದ್ದೇ ಜಾಸ್ತಿ.

2012ರಿಂದ 2016ರವರೆಗೆ ಮಾತ್ರ ಒಂದು ಒಳ್ಳೆಯ ಕಾಲ. ಆ ಐದು ವರ್ಷದಲ್ಲಿ, ಬೇಸ್‌ಬಾಲ್‌ನ ಎರಡು ಲೀಗ್‌ಗಳಲ್ಲಿ ಇವರು ಆಡುವ ಅಮೆರಿಕನ್ ಲೀಗ್‌ನಲ್ಲಿ, ಇವರಷ್ಟು ಪಂದ್ಯ ಯಾರೂ ಗೆಲ್ಲಲಿಲ್ಲ. ಆದರೆ ಆ ಗೆಲುವಿಗೆ ಕೊಟ್ಟ ಬೆಲೆ ನೋಡಿ. ಬಿತ್ತನೆಗೆ ಇಟ್ಟ ಕಾಳನ್ನು ಹಬ್ಬದ ಅಡುಗೆಗೆ ಸುರಿದ ಹಾಗೆ ಎಳೆಯ ಪಿಚರ್‌ಗಳನ್ನು, ಅಂದರೆ ಚೆಂಡು ಎಸೆಯುವವರನ್ನು, ಒಬ್ಬೊಬ್ಬರಾಗಿ ಬಿಟ್ಟುಕೊಟ್ಟರು. 2013ರಲ್ಲಿ ಜೇಕ್ ಅರಿಯೇಟಾ ಶಿಕಾಗೊಗೆ ಹೋದ, ಎರಡೇ ವರ್ಷಕ್ಕೆ ನ್ಯಾಷನಲ್ ಲೀಗ್‌ನ ಅತ್ಯುತ್ತಮ ಪಿಚರ್ ಆದ. ಅದೇ ವರ್ಷ ಜಾಶ್ ಹೇಡರ್ ಹ್ಯೂಸ್ಟನ್‌ಗೆ, ಮರುವರ್ಷ ಎಡುವಾರ್ಡೊ ರೊಡ್ರಿಗಸ್ ಬಾಸ್ಟನ್‌ಗೆ. ಬದಲಿಗೆ ಬಂದವರು ಬಂದರು, ಕೆಲವರು ಚೆನ್ನಾಗೂ ಆಡಿದರು, ಹೋದರು. 2016ರ ಜನವರಿಯಲ್ಲಿ ಬ್ಯಾಟರ್ ಕ್ರಿಸ್ ಡೇವಿಸ್ ಜೊತೆ 7 ವರ್ಷಕ್ಕೆ 16.1 ಕೋಟಿ ಡಾಲರ್ ಒಪ್ಪಂದ ಆಯಿತು. ಅದರಲ್ಲಿ ಒಂದು ಭಾಗವನ್ನು 2037ರವರೆಗೂ ಕಂತಿನಲ್ಲಿ ಕೊಡಬೇಕು. ಅಷ್ಟರಲ್ಲಿ ಡೇವಿಸ್‌ಗೆ 51 ವರ್ಷ ಆಗಿರುತ್ತದೆ!

2018ರಲ್ಲಿ ಲೆಕ್ಕ ಚುಕ್ತಾ ಆಯಿತು. 47 ಗೆಲುವು, 115 ಸೋಲು. ವಿಭಾಗ ಗೆದ್ದ ಬಾಸ್ಟನ್‌ಗಿಂತ 61 ಪಂದ್ಯ ಹಿಂದೆ. ಜುಲೈನಲ್ಲಿ ಅಂಗಡಿ ಖಾಲಿ ಮಾಡುವವರ ಹಾಗೆ ಮ್ಯಾನಿ ಮಚಾಡೊ, ಬ್ರಿಟನ್, ಗಾಸ್‌ಮನ್, ಸ್ಕೋಪ್ ಎಲ್ಲರನ್ನೂ ಕಳಿಸಿದರು. ಮಚಾಡೊಗೆ ಬದಲಾಗಿ ಐವರು ಬಂದರು. ಅವರಲ್ಲಿ ಎಲ್ಲರ ಕಣ್ಣು ಇದ್ದದ್ದು ಯುಸ್ನಿಯೆಲ್ ಡಿಯಾಸ್ ಮೇಲೆ. ಆತ ದೊಡ್ಡ ತಂಡಕ್ಕೆ ಆಡಿದ್ದು ಒಂದೇ ಒಂದು ಪಂದ್ಯ.

ಆ ನವೆಂಬರ್‌ನಲ್ಲಿ ಹ್ಯೂಸ್ಟನ್‌ನಿಂದ ಮೈಕ್ ಎಲಾಯಸ್ ಜನರಲ್ ಮ್ಯಾನೇಜರ್ ಆಗಿ ಬಂದರು, ಹಿಂದೆಯೇ ಸಿಗ್ ಮೆಜ್‌ಡಾಲ್. ಮೆಜ್‌ಡಾಲ್ ಹಿಂದೆ ನಾಸಾದಲ್ಲಿ ಎಂಜಿನಿಯರ್ ಆಗಿದ್ದವರು. ಬಂದವರಿಗೆ ಕಂಡದ್ದು ಏನು? ಬೇರೆ ತಂಡಗಳಲ್ಲಿ ಆಟಗಾರರ ಅಂಕಿಅಂಶ ನೋಡುವುದಕ್ಕೇ ದೊಡ್ಡ ವಿಭಾಗ ಇದ್ದರೆ ಇಲ್ಲಿ ಬೆರಳೆಣಿಕೆಯ ಜನ. ಲ್ಯಾಟಿನ್ ಅಮೆರಿಕದ ಹುಡುಗರ ಕಡೆಯಂತೂ ವರ್ಷಗಳಿಂದ ತಲೆ ಹಾಕಿಯೇ ಇರಲಿಲ್ಲ. ಅಲ್ಲಿ ಖರ್ಚು ಮಾಡಲು ಲೀಗ್ ಪ್ರತಿ ತಂಡಕ್ಕೂ ಒಂದು ಮಿತಿ ಕೊಟ್ಟಿರುತ್ತದೆ. ಓರಿಯೋಲ್ಸ್ ಆ ಮಿತಿಯನ್ನೇ ಬೇರೆ ತಂಡಗಳಿಗೆ ಮಾರುತ್ತಿತ್ತು, ರೇಷನ್ ಕಾರ್ಡ್ ಇದ್ದೂ ಅಕ್ಕಿಯನ್ನು ಪಕ್ಕದ ಮನೆಗೆ ಕೊಟ್ಟ ಹಾಗೆ. ಲೀಗ್‌ನ ಎಷ್ಟೋ ಒಳ್ಳೆಯ ಆಟಗಾರರು ಬರುವ ಬಾಗಿಲು ಅದು, ಅದಕ್ಕೇ ಬೀಗ.

ಇಲ್ಲಿಂದ ಎರಡು ಕೆಲಸ ಒಟ್ಟಿಗೆ ನಡೆದವು. ಜನ ಇವನ್ನು ಒಂದೇ ಅಂದುಕೊಳ್ಳುತ್ತಾರೆ, ನನಗೆ ಹಾಗೆ ಅನ್ನಿಸುವುದಿಲ್ಲ.

ಮೊದಲನೆಯದು ಸೋಲುವುದು. 2019ರಲ್ಲಿ 108 ಸೋಲು, ಕೋವಿಡ್‌ನಿಂದ ಮೊಟಕಾದ 2020ರಲ್ಲೂ ಸೋತದ್ದೇ ಜಾಸ್ತಿ, 2021ರಲ್ಲಿ 110. ಆಟಗಾರರ ಸಂಬಳಕ್ಕೆ ಕತ್ತರಿ. 2019ರಲ್ಲಿ ಇವರ ಪಿಚರ್‌ಗಳು 305 ಹೋಮ್ ರನ್ (ಕ್ರಿಕೆಟ್‌ನ ಸಿಕ್ಸರ್ ಥರ) ಹೊಡೆಸಿಕೊಂಡರು, ಅಷ್ಟು ಅಲ್ಲಿಯವರೆಗೆ ಯಾವ ತಂಡವೂ ಹೊಡೆಸಿಕೊಂಡಿರಲಿಲ್ಲ. 2021ರ ಆಗಸ್ಟ್‌ನಲ್ಲಿ ಸತತ 19 ಸೋಲು. ಸುಮಾರು 45 ಸಾವಿರ ಸೀಟಿನ ಕ್ಯಾಮ್ಡನ್ ಯಾರ್ಡ್ಸ್‌ನಲ್ಲಿ 2019ರ ಏಪ್ರಿಲ್ 8ರ ರಾತ್ರಿ ಇದ್ದವರು 6,585 ಜನ. ಅದೇ ರಾತ್ರಿ ಡೇವಿಸ್ ಒಂದೂ ಹಿಟ್ ಇಲ್ಲದೆ ಸತತವಾಗಿ ಔಟಾಗುವುದರಲ್ಲಿ ಪಿಚರ್ ಅಲ್ಲದವರ ದಾಖಲೆ ಮುರಿದರು. ಆ ಸರಣಿ 54ಕ್ಕೆ ಮುಟ್ಟಿ, ಐದು ದಿನದ ನಂತರ ಬಾಸ್ಟನ್‌ನಲ್ಲಿ ಕೊನೆಗೂ ಒಂದು ಚೆಂಡು ಫೀಲ್ಡರ್‌ಗಳನ್ನು ದಾಟಿತು. ಎದುರಾಳಿ ಊರಿನ ಜನವೂ ಚಪ್ಪಾಳೆ ತಟ್ಟಿದರು, ಪಾಪ.

ಎರಡನೆಯ ಕೆಲಸ ಯಾರ ಕಣ್ಣಿಗೂ ಬೀಳಲಿಲ್ಲ. ಡೊಮಿನಿಕನ್ ಗಣರಾಜ್ಯಕ್ಕೆ ಪ್ರತಿಭೆ ಹುಡುಕುವ ಸ್ಕೌಟ್‌ಗಳು ಹೋದರು, ಮುಂದೆ ಅಲ್ಲಿ ಹೊಸ ಅಕಾಡೆಮಿಯೂ ಎದ್ದಿತು. ಕಿರಿಯ ತಂಡಗಳಲ್ಲಿ ಅಭ್ಯಾಸದ ರೀತಿಯೇ ಬದಲಾಯಿತು. ಮೊದಲೆಲ್ಲ ಕೋಚ್ ನಿಧಾನವಾಗಿ ಎಸೆಯೋದು, ಹುಡುಗರು ಖುಷಿಯಾಗಿ ಬೀಸೋದು. ಈಗ ಪಂದ್ಯದಲ್ಲಿ ಬರುವುದಕ್ಕಿಂತ ಕಷ್ಟದ ಚೆಂಡನ್ನು ಮೆಷಿನ್ ಎಸೆಯುತ್ತದೆ. ಅಭ್ಯಾಸದಲ್ಲೇ ಬ್ಯಾಟಿಗೆ ಸಿಗದೆ ಮುಖ ಕೆಂಪಾಗಲಿ, ಪಂದ್ಯ ಸುಲಭ ಆಗುತ್ತದೆ ಅನ್ನೋದು ಲೆಕ್ಕ. ಜೊತೆಗೆ ಹಳೆಯ ಪದ್ಧತಿಯ ಹಲವು ಸ್ಕೌಟ್‌ಗಳು ಕೆಲಸ ಕಳೆದುಕೊಂಡರು. ಇದನ್ನೂ ಹೇಳಬೇಕು.

ಸೋಲಿನಿಂದ ಸಿಕ್ಕಿದ್ದು ಏನೂ ಇಲ್ಲ ಅಂತ ನಾನು ಹೇಳುತ್ತಿಲ್ಲ. 2019ರ ಮೊದಲ ಸರದಿಯಲ್ಲಿ ಕ್ಯಾಚರ್ ಆಡ್ಲಿ ರಟ್ಚ್‌ಮನ್, 2022ರ ಮೊದಲ ಸರದಿಯಲ್ಲಿ ಜ್ಯಾಕ್ಸನ್ ಹಾಲಿಡೇ ಸಿಕ್ಕಿದ್ದು ಸೋತದ್ದಕ್ಕೇ. ಆದರೆ 2023ರಲ್ಲಿ ವರ್ಷದ ಹೊಸ ಆಟಗಾರ ಅಂತ ಒಂದೂ ಮತ ತಪ್ಪದೆ ಆಯ್ಕೆಯಾದ ಗನ್ನರ್ ಹೆಂಡರ್ಸನ್ ಸಿಕ್ಕಿದ್ದು 42ನೇ ಸರದಿಯಲ್ಲಿ. ಸೆಡ್ರಿಕ್ ಮಲಿನ್ಸ್ 2015ರ 13ನೇ ಸುತ್ತಿನವನು, ಅಂದರೆ ಹಳೆಯ ಆಡಳಿತ ತಂದವನು. ಪಿಚರ್ ಫೆಲಿಕ್ಸ್ ಬಾಟಿಸ್ಟಾನನ್ನು ಇನ್ನೊಂದು ತಂಡ ಕೈಬಿಟ್ಟಿತ್ತು. ಇವರನ್ನೆಲ್ಲ ತಿದ್ದಿದ್ದು ಫಾರ್ಮ್. ಮೊದಲ ಸರದಿ ಸಿಗಲಿ ಅಂತ ವರ್ಷಾನುಗಟ್ಟಲೆ ಸೋಲುವ ತಂಡಗಳು ಜಾಸ್ತಿಯಾಗಿ ಲೀಗ್ 2023ರಿಂದ ಲಾಟರಿಯನ್ನೇ ತಂದಿದೆ, ಆ ದಾರಿ ಈಗ ಅಷ್ಟು ಸಲೀಸಲ್ಲ. ಆ ವರ್ಷಗಳಲ್ಲಿ ದುಡ್ಡು ಕೊಟ್ಟು ಟಿಕೆಟ್ ತಗೊಂಡವರ ಹತ್ತಿರ ಮಾತ್ರ ಯಾರೂ ಕ್ಷಮೆ ಕೇಳಲಿಲ್ಲ.

2022ರ ಮೇ 21ಕ್ಕೆ ರಟ್ಚ್‌ಮನ್ ಬಂದ. ಅಲ್ಲಿಂದ 2023ರ ಪ್ಲೇಆಫ್ ಶುರುವಾಗುವವರೆಗೆ, ಒಂದೇ ಎದುರಾಳಿ ಜೊತೆ ಸಾಲಾಗಿ ಆಡುವ ಪಂದ್ಯಗಳ ಒಂದೇ ಒಂದು ಸರಣಿಯನ್ನೂ ತಂಡ ಪೂರ್ತಿ ಸೋಲಲಿಲ್ಲ. ಕ್ರೀಡಾಂಗಣದಲ್ಲಿ 86ನೇ ವಿಭಾಗ ಅಂತ ಒಂದಿದೆ. ಇವರ ಕಡೆಯವರು ಚೆನ್ನಾಗಿ ಹೊಡೆದಾಗಲೆಲ್ಲ ಅಲ್ಲಿ ಕೂತವರ ಮೇಲೆ ಪೈಪಿನಲ್ಲಿ ನೀರು ಬಿಡುತ್ತಿದ್ದರು, ಜನ ನೆನೆಯಲೆಂದೇ ಅಲ್ಲಿಗೆ ಟಿಕೆಟ್ ತೆಗೆಸುತ್ತಿದ್ದರು. ಪ್ಲೇಆಫ್‌ನಲ್ಲಿ ಟೆಕ್ಸಸ್ ಎದುರು 3-0 ಸೋಲು. ಪರವಾಗಿಲ್ಲ, ಹುಡುಗರು ಇನ್ನೂ ಚಿಕ್ಕವರು ಅಂದರು.

2024ರಲ್ಲಿ ಮಾಲೀಕರು ಬದಲಾದರು. ಏಂಜಲೋಸ್ ಕುಟುಂಬ ಡೇವಿಡ್ ರುಬೆನ್‌ಸ್ಟೈನ್ ಬಳಗಕ್ಕೆ 172.5 ಕೋಟಿ ಡಾಲರ್‌ಗೆ ತಂಡ ಮಾರಿತು. ಪಿಚಿಂಗ್‌ಗೆ ಅಂತ ಕಾರ್ಬಿನ್ ಬರ್ನ್ಸ್‌ನನ್ನು ತಂದಿದ್ದರು. ಪ್ಲೇಆಫ್‌ನ ಮೊದಲ ಪಂದ್ಯದಲ್ಲಿ ಆತ 8 ಇನ್ನಿಂಗ್ಸ್ ಎಸೆದು ಒಂದೇ ಒಂದು ರನ್ ಕೊಟ್ಟ. ತಂಡ 1-0ಯಿಂದ ಸೋತಿತು, ಮರುದಿನ 2-1ರಿಂದ. ಆ ಚಳಿಗಾಲದಲ್ಲಿ ಬರ್ನ್ಸ್ ಅರಿಜೋನಾಗೆ ಹೋದ. ಆತನ ಜಾಗ ತುಂಬಲು ಬಂದವರಲ್ಲಿ ಒಬ್ಬರಿಗೆ 41 ವರ್ಷ, ಇನ್ನೊಬ್ಬರಿಗೆ 35.

ನನ್ನ ಪ್ರಕಾರ ಗಂಟು ಇರುವುದು ಇಲ್ಲೇ. 2019ರಿಂದ 2025ರವರೆಗೆ ಡ್ರಾಫ್ಟ್‌ನ ಮೊದಲ ಸುತ್ತಿನಲ್ಲಿ ಈ ತಂಡ ಒಬ್ಬ ಪಿಚರ್‌ನನ್ನೂ ಆರಿಸಿಲ್ಲ. ಪಿಚರ್‌ಗಳ ಮೊಣಕೈ ಯಾವಾಗ ಕೈಕೊಡುತ್ತದೋ ಹೇಳಲಾಗದು, ಬ್ಯಾಟರ್‌ಗಳನ್ನು ಬೆಳೆಸೋಣ, ಪಿಚರ್‌ಗಳನ್ನು ಆಮೇಲೆ ಕೊಂಡರಾಯಿತು ಅನ್ನುವ ಲೆಕ್ಕ ತಪ್ಪೇನಲ್ಲ. ಆದರೆ ಆಮೇಲೆ ಕೊಳ್ಳಬೇಕಲ್ವಾ? 2025ರಲ್ಲಿ ಇದ್ದ ಪಿಚರ್‌ಗಳಿಗೂ ಗಾಯ. ಮೇ ತಿಂಗಳಲ್ಲಿ 15 ಗೆಲುವು, 28 ಸೋಲು ಆಗಿದ್ದಾಗ ಮೈದಾನದಲ್ಲಿ ತಂಡ ನಡೆಸುವ ಮ್ಯಾನೇಜರ್ ಬದಲಾದರು, ಜುಲೈನಲ್ಲಿ ಮತ್ತೆ ಅಂಗಡಿ ಖಾಲಿ, ಮಲಿನ್ಸ್ ಕೂಡ ಹೊರಟ.

ಸೆಪ್ಟೆಂಬರ್ 5ರ ರಾತ್ರಿ ಲಾಸ್ ಏಂಜಲೀಸ್ ಡಾಡ್ಜರ್ಸ್ ಬಾಲ್ಟಿಮೋರ್‌ಗೆ ಬಂದಿತ್ತು. ಕೊನೆಯ ಇನ್ನಿಂಗ್ಸ್‌ನಲ್ಲಿ 21 ವರ್ಷದ ಸ್ಯಾಮ್ಯುಯೆಲ್ ಬಸಾಯೊ ಹೋಮ್ ರನ್ ಹೊಡೆದು ಪಂದ್ಯ ಮುಗಿಸಿದ. ದೊಡ್ಡ ತಂಡಕ್ಕೆ ಬಂದು ಇನ್ನೂ ಮೂರು ವಾರ ಆಗಿರಲಿಲ್ಲ. 2021ರಲ್ಲಿ 13 ಲಕ್ಷ ಡಾಲರ್ ಕೊಟ್ಟು ಡೊಮಿನಿಕನ್ ಗಣರಾಜ್ಯದಿಂದ ತಂದ ಹುಡುಗ ಅವನು. ಅವನಿಗೆ ಎಸೆದ ಪಿಚರ್ ಟ್ಯಾನರ್ ಸ್ಕಾಟ್, ಹಿಂದೆ ಇದೇ ಓರಿಯೋಲ್ಸ್ ಡ್ರಾಫ್ಟ್‌ನಲ್ಲಿ ಆರಿಸಿ, ಬೆಳೆಸಿ, ಬಿಟ್ಟುಕೊಟ್ಟವನು.