ಕಾಲು ಕಟ್ಟಿಗಿ ಆಗುವ ಹೊತ್ತು

ಧಾರವಾಡದ ಮೈದಾನಗಳಲ್ಲಿ ಬೆಳಿಗ್ಗೆ ನಿಂತರೆ ಒಂದು ಮಾತು ಕಿವಿಗೆ ಬಿದ್ದೇ ಬೀಳುತ್ತದೆ: "ಸರ್, ಕಾಲು ಕಟ್ಟಿಗಿ ಆದ್ವು ರೀ." ನಾನೂರು ಮೀಟರ್ ಓಡಿ ಬಂದು ನೆಲಕ್ಕೆ ಒರಗಿದ ಕಾಲೇಜು ಹುಡುಗ ಹೇಳುವ ಮಾತಿದು. ಮುನ್ನೂರರವರೆಗೆ ಕುದುರೆ, ಆಮೇಲೆ ಕೆಸರಲ್ಲಿ ಚಕ್ಕಡಿ ಎಳೆಯುವ ಎತ್ತು.

ಇದು ಅವನೊಬ್ಬನ ಗೋಳಲ್ಲ. 2016ರ ರಿಯೋ ಒಲಿಂಪಿಕ್ಸ್‌ನಲ್ಲಿ ದಕ್ಷಿಣ ಆಫ್ರಿಕಾದ ವೇಯ್ಡ್ ವಾನ್ ನೀಕರ್ಕ್ ಇದೇ ನಾನೂರರಲ್ಲಿ 43.03 ಸೆಕೆಂಡಿನ ವಿಶ್ವದಾಖಲೆ ಬರೆದರಲ್ಲ, ಅಲ್ಲೂ ಮೊದಲ 200 ಮೀಟರಿಗೆ ಸುಮಾರು 20.5 ಸೆಕೆಂಡು, ಉಳಿದರ್ಧಕ್ಕೆ 22.5. ಕೊನೆಯ ನೂರಕ್ಕೇ 12 ಸೆಕೆಂಡು ಹಿಡಿಯಿತು. ಟಿವಿಯಲ್ಲಿ ಕೊನೆಗೆ ಜೋರಾದಂತೆ ಕಾಣುವವನು ಸಾಮಾನ್ಯವಾಗಿ ಜೋರಾಗಿರುವುದಿಲ್ಲ. ಪಕ್ಕದವರಷ್ಟು ನಿಧಾನವಾಗಿರುವುದಿಲ್ಲ, ಅಷ್ಟೇ.

ಸ್ನಾಯುವಿನಲ್ಲಿ ತಯಾರಿರುವ, ತಕ್ಷಣ ಶಕ್ತಿ ಕೊಡುವ ಕ್ರಿಯಾಟಿನ್ ಫಾಸ್ಫೇಟ್ ಹತ್ತು ಸೆಕೆಂಡಿನ ಆಸುಪಾಸಿನಲ್ಲೇ ಬಹುಪಾಲು ಖರ್ಚಾಗುತ್ತದೆ. ಅಷ್ಟರೊಳಗೇ ಇನ್ನೊಂದು ಒಲೆ ಹೊತ್ತಿಕೊಂಡಿರುತ್ತದೆ: ಆಮ್ಲಜನಕಕ್ಕೆ ಕಾಯದೆ ಗ್ಲೈಕೋಜನ್, ಅಂದರೆ ಸ್ನಾಯು ಕೂಡಿಟ್ಟ ಸಕ್ಕರೆ, ಒಡೆಯುವ ಕೆಲಸ. ಶಕ್ತಿ ಬೇಗ ಸಿಗುತ್ತದೆ, ಆದರೆ ಸ್ನಾಯುವಿನೊಳಗೆ ಆಮ್ಲೀಯತೆ ಏರುತ್ತದೆ, ಕ್ರಿಯಾಟಿನ್ ಫಾಸ್ಫೇಟ್ ಒಡೆದು ಉಳಿದ ಫಾಸ್ಫೇಟ್ ಗುಡ್ಡೆಯಾಗುತ್ತದೆ, ಹಿಡಿತ ಸಡಿಲವಾಗುತ್ತದೆ. ಬೈಗುಳ ಮಾತ್ರ ಪಾಪ ಲ್ಯಾಕ್ಟಿಕ್ ಆಸಿಡ್‌ಗೆ! ಮರುದಿನದ ಕಾಲುನೋವಿಗೂ ಅದನ್ನೇ ದೂರುತ್ತೇವೆ. ಆದರೆ ಅಷ್ಟರಲ್ಲಿ ಲ್ಯಾಕ್ಟೇಟ್ (ಗ್ಲೈಕೋಜನ್ ಒಡೆದಾಗ ಹುಟ್ಟುವ, ನಾವು ಲ್ಯಾಕ್ಟಿಕ್ ಆಸಿಡ್ ಅನ್ನುವ ವಸ್ತು) ರಕ್ತದಲ್ಲಿ ಮಾಮೂಲಿ ಮಟ್ಟಕ್ಕೆ ಇಳಿದು ಎಷ್ಟೋ ಹೊತ್ತಾಗಿರುತ್ತದೆ. ಹೃದಯವಂತೂ ಅದನ್ನೇ ಇಂಧನವಾಗಿ ಉರಿಸುತ್ತದೆ.

ನಾವು ಕಾಲೇಜಿನಲ್ಲಿದ್ದಾಗ ತರಬೇತಿ ಅಂದರೆ ನಾನೂರು ಓಡು, ವಾಂತಿ ಮಾಡು, ಮತ್ತೆ ಓಡು. ವಾಂತಿಯಾದರೆ ಮೈ ಬಗ್ಗಿತು ಅಂತ ಲೆಕ್ಕ. ಸ್ಟಾಪ್‌ವಾಚ್ ಓಟಕ್ಕೆ ಮಾತ್ರ, ವಿರಾಮಕ್ಕಲ್ಲ. ಈಗ ನನಗನ್ನಿಸುವುದು, ಗಡಿಯಾರ ಹೆಚ್ಚು ಬೇಕಿದ್ದದ್ದು ವಿರಾಮಕ್ಕೇ.

ಯಾಕೆ ಗೊತ್ತಾ? 150 ಮೀಟರ್ ನಾಲ್ಕು ಸಲ ಓಡಿಸಿ. ನಡುವೆ ಹತ್ತು ನಿಮಿಷ ಬಿಟ್ಟರೆ ಕ್ರಿಯಾಟಿನ್ ಫಾಸ್ಫೇಟ್ ಮತ್ತೆ ತುಂಬಿಕೊಳ್ಳುತ್ತದೆ, ಪ್ರತಿ ಓಟವೂ ಹೊಸ ಓಟ, ಬೆಳೆಯುವುದು ವೇಗ. ಎರಡೇ ನಿಮಿಷ ಬಿಟ್ಟರೆ ಹಳೇ ಸಾಲದ ಮೇಲೆ ಹೊಸ ಸಾಲ, ಬೆಳೆಯುವುದು ತಾಳಿಕೆ. ದೂರ ಅದೇ, ಪಾಠ ಬೇರೆ.

ಅಮೆರಿಕದ ನಾನೂರರ ಓಟಗಾರ ಮೈಕೆಲ್ ಜಾನ್ಸನ್ ಅವರ ಕೋಚ್ ಕ್ಲೈಡ್ ಹಾರ್ಟ್ ಅವರ ಪದ್ಧತಿಯಲ್ಲಿ ಇದು ಚೆನ್ನಾಗಿ ಕಾಣುತ್ತದೆ. ಸೀಸನ್ ಶುರುವಿಗೆ ಹದವಾದ ವೇಗದಲ್ಲಿ ಹಲವು 200ಗಳು, ಚಿಕ್ಕ ವಿರಾಮ. ಸ್ಪರ್ಧೆ ಹತ್ತಿರ ಬಂದಂತೆ ಓಟಗಳು ಕಡಿಮೆ, ವೇಗ ಜಾಸ್ತಿ. ಜಾನ್ಸನ್ ಅವರ 1999ರ 43.18 ದಾಖಲೆ ರಿಯೋ ತನಕ ನಿಂತಿತ್ತು.

ನಮ್ಮೂರಿಗೆ ಇದನ್ನು ಹೊಂದಿಸುವುದು ಕಷ್ಟವೇನಲ್ಲ. ಮಳೆಗಾಲದಲ್ಲಿ ಮೈದಾನ ಕೆಸರಾದರೆ ಧಾರವಾಡದಲ್ಲಿ ಏರು ರಸ್ತೆಗೇನು ಬರವೇ? ಏರಿನ ಓಟ ಕಾಲಿಗೆ ಬಲ ಕೊಡುತ್ತದೆ, ವೇಗ ಮಿತಿ ಮೀರದ ಕಾರಣ ತೊಡೆಯ ಹಿಂಭಾಗದ ಸ್ನಾಯುವಿಗೂ ಕ್ಷೇಮ. ನೆಲ ಒಣಗಿದ ಮೇಲೆ ವಾರಕ್ಕೆ ಒಂದೆರಡೇ ಕಠಿಣ ದಿನ, ಮಧ್ಯೆ ಹಗುರ ಓಟ. ಹಗುರ ಓಟ ದಂಡವಲ್ಲ: ನಾನೂರಿನ ಶಕ್ತಿಯಲ್ಲಿ ನೂರಕ್ಕೆ ಹತ್ತಿರಹತ್ತಿರ ನಲವತ್ತು ಪಾಲು ಆಮ್ಲಜನಕದ ದಾರಿಯಿಂದಲೇ ಬರುತ್ತದೆ. ಪರೀಕ್ಷೆ, ಹಾಸ್ಟೆಲ್ ಊಟ, ನಿದ್ದೆಗೆಟ್ಟ ರಾತ್ರಿಗಳನ್ನೂ ಚಾರ್ಟಿನಲ್ಲಿ ಬರೆಯಬೇಕು.

ಇಷ್ಟೆಲ್ಲ ವಿವರಿಸಿ ಒಬ್ಬ ಹುಡುಗನನ್ನು ಹತ್ತು ನಿಮಿಷ ಕೂರಿಸಿದ್ದೆ. ನಾಲ್ಕನೇ ನಿಮಿಷಕ್ಕೇ ಎದ್ದು ನಿಂತ. "ಸರ್, ಸುಮ್ನೆ ಕುಂತು ಮೈ ತಣ್ಣಗಾತು ರೀ. ಓಡ್ಲೇನ್ರೀ?"

"ಕುಂದ್ರೋ ತಮ್ಮಾ," ಅಂದೆ. "ಇನ್ನೂ ಆರು ನಿಮಿಷ ಐತಿ."