ತಿರುಗುವ ಕಾರ್ ಸೀಟ್ ಎಂದರೇನು?

ಕಾರಿನ ಹಿಂದಿನ ಆಸನಕ್ಕೆ ಬಿಗಿಯುವ ಒಂದು ಗಟ್ಟಿ ಅಡಿಪೀಠ, ಅದರ ಮೇಲೆ ಸುತ್ತುವ ಮಕ್ಕಳ ಆಸನ. ತಿರುಗುವ ಕಾರ್ ಸೀಟ್ ಎಂದರೆ ಇಷ್ಟೇ. ಬಾಗಿಲು ತೆರೆದು, ಹಿಡಿ ಎಳೆದು, ಆಸನವನ್ನು ನಮ್ಮ ಕಡೆಗೆ ತಿರುಗಿಸಿಕೊಂಡು ಮಗುವನ್ನು ಕೂರಿಸಬಹುದು. ಪಟ್ಟಿ ಹಾಕಿ ಮತ್ತೆ ತಿರುಗಿಸಿದರೆ ಟಕ್ಕೆಂದು ಕಚ್ಚಿಕೊಳ್ಳುತ್ತದೆ. ಜಾಹೀರಾತುಗಳು ಈ ತಿರುಗಾಟವನ್ನೇ ಸುರಕ್ಷತೆ ಎಂಬಂತೆ ಬಣ್ಣಿಸುತ್ತವೆ. ನಿಜಕ್ಕೂ ಅದು ಕಾಪಾಡುವುದು ಹೆತ್ತವರ ಸೊಂಟವನ್ನು.

ಮಗುವನ್ನು ಕಾಪಾಡುವುದರಲ್ಲಿ ದಿಕ್ಕಿನ ಪಾತ್ರ ದೊಡ್ಡದು. ಎಳೆಯ ಮಗುವಿನ ತಲೆ ಮೈಗೆ ಹೋಲಿಸಿದರೆ ಭಾರ, ಕತ್ತಿನ ಮೂಳೆಗಳು ಇನ್ನೂ ಬಲಿತಿರುವುದಿಲ್ಲ. ಕಾರು ಎದುರಿಗೆ ಗುದ್ದಿದಾಗ, ಮುಮ್ಮುಖವಾಗಿ ಕುಳಿತ ಮಗುವಿನ ಎದೆಯನ್ನು ಪಟ್ಟಿ ಹಿಡಿದು ನಿಲ್ಲಿಸುತ್ತದೆ, ತಲೆ ಮಾತ್ರ ಮುಂದಕ್ಕೆ ಚಿಮ್ಮುತ್ತದೆ. ಸೆಳೆತವೆಲ್ಲ ಕತ್ತಿನ ಮೇಲೆ. ಹಿಮ್ಮುಖವಾಗಿ, ಅಂದರೆ ಕಾರಿನ ಹಿಂಬದಿಗೆ ಮುಖ ಮಾಡಿ ಕುಳಿತಿದ್ದರೆ ತಲೆ, ಕತ್ತು, ಬೆನ್ನು ಒಟ್ಟಾಗಿ ಸೀಟಿಗೆ ಒತ್ತಿಕೊಂಡು ಪೆಟ್ಟು ಹಂಚಿಹೋಗುತ್ತದೆ. ಮಕ್ಕಳ ಸೀಟುಗಳಿಗಾಗಿ 2013ರಲ್ಲಿ ಜಾರಿಗೆ ಬಂದ ವಿಶ್ವಸಂಸ್ಥೆಯ ಆರ್129 ನಿಯಮದ ಪ್ರಕಾರ ಮಗುವಿಗೆ 15 ತಿಂಗಳು ತುಂಬುವ ತನಕ ಹಿಮ್ಮುಖ ಕಡ್ಡಾಯ. ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿಯಂತೂ 2018ರಲ್ಲಿ ವಯಸ್ಸಿನ ಲೆಕ್ಕವನ್ನೇ ಬಿಟ್ಟು, ಸೀಟಿನ ಎತ್ತರ ಅಥವಾ ತೂಕದ ಮಿತಿ ಮುಟ್ಟುವವರೆಗೂ ಹಿಮ್ಮುಖವೇ ಇರಲಿ ಎಂದಿತು.

ತಿರುಗುವ ಸೀಟಿನ ಅಪಾಯವೂ ಇಲ್ಲೇ ಇದೆ. ಮಗು ರಚ್ಚೆ ಹಿಡಿಯುತ್ತದೆ. ‘ಪಾಪ, ಕಾಲು ಮಡಚಿಕೊಂಡಿದೆ, ಮುಂದಕ್ಕೆ ತಿರುಗಿಸಪ್ಪಾ’ ಎಂದು ಪಕ್ಕದಲ್ಲಿ ಕುಳಿತ ಅಜ್ಜಿ ಮರುಗುತ್ತಾರೆ. ಹಿಡಿ ಎಳೆದರೆ ಆಯಿತು, ತಡೆಯುವವರಿಲ್ಲ. ಮಕ್ಕಳಿಗೆ ಕಾಲು ಮಡಚಿ ಕೂರುವುದು ಕಷ್ಟವೇ ಅಲ್ಲ, ಮನೆಯಲ್ಲಿ ಆಡುವಾಗ ಅವು ಕೂರುವ ಭಂಗಿ ನೋಡಿದರೆ ಸಾಕು. ಆದರೆ ಎರಡೂವರೆ ವರ್ಷದ ಗುಂಡುಮಗುವನ್ನು ತಿರುಗದ ಸೀಟಿನಲ್ಲಿ ಹಿಮ್ಮುಖವಾಗಿ ಕೂರಿಸುವುದು ಹರಸಾಹಸ ಎಂಬುದೂ ನಿಜ. ಆ ಕಷ್ಟ ತಪ್ಪಿಸಿ, ಹಿಮ್ಮುಖದ ಅಭ್ಯಾಸವನ್ನು ಬಹುಕಾಲ ಉಳಿಸಿಕೊಳ್ಳಲು ನೆರವಾದರೆ ಮಾತ್ರ ಈ ಸೀಟಿಗೆ ಕೊಟ್ಟ ಹಣ ಸಾರ್ಥಕ. ಆದ್ದರಿಂದ ಕೊಳ್ಳುವಾಗ ‘360 ಡಿಗ್ರಿ’ ಎಂಬ ದಪ್ಪಕ್ಷರ ಬಿಟ್ಟು, ಹಿಮ್ಮುಖದ ಎತ್ತರ ಮಿತಿ ಎಷ್ಟೆಂದು ನೋಡಿ. 105 ಸೆಂ.ಮೀ.ವರೆಗೆ ಒಪ್ಪುವ ಸೀಟುಗಳಿವೆ.

ಇನ್ನು ಐಸೋಫಿಕ್ಸ್, ಅಂದರೆ ಮಕ್ಕಳ ಸೀಟನ್ನು ಬೆಲ್ಟಿಲ್ಲದೆ ನೇರವಾಗಿ ಕಾರಿಗೆ ಕಚ್ಚಿಸುವ ವ್ಯವಸ್ಥೆ. ಕಾರಿನ ಹಿಂದಿನ ಆಸನ ಮತ್ತು ಅದರ ಒರಗು ಸೇರುವ ಸಂದಿಯಲ್ಲಿ ಬೆರಳು ತೂರಿಸಿದರೆ ಎರಡು ಲೋಹದ ಸರಳುಗಳು ತಾಗುತ್ತವೆ. ಸೀಟಿನ ಎರಡು ತೋಳುಗಳು ಅವನ್ನು ಕಚ್ಚಬೇಕು. ಜೊತೆಗೆ ನೆಲಕ್ಕೂರುವ ಕಾಲೋ, ಒರಗಿನ ಹಿಂದೆ ಬಿಗಿಯುವ ಪಟ್ಟಿಯೋ ಇರುತ್ತದೆ. ಕಾರಿನ ನೆಲದಡಿ ಸಾಮಾನಿನ ಪೆಟ್ಟಿಗೆಯಿದ್ದರೆ ಕಾಲೂರುವ ಮುನ್ನ ಕಾರಿನ ಕೈಪಿಡಿ ಓದಿ, ಟೊಳ್ಳು ಮುಚ್ಚಳ ಆ ಹೊರೆ ತಡೆಯಲಾರದು. ಏರ್‌ಬ್ಯಾಗ್ ಚಾಲೂ ಇರುವ ಮುಂದಿನ ಆಸನದಲ್ಲಿ ಹಿಮ್ಮುಖ ಸೀಟು ಎಂದಿಗೂ ಬೇಡ. ಬಾಗಿಲಿನತ್ತ ತಿರುಗಿಸಿದ ಸ್ಥಿತಿ ಹತ್ತಿ ಇಳಿಯುವುದಕ್ಕಷ್ಟೇ, ಹೊರಡುವ ಮುನ್ನ ಅಡಿಪೀಠದ ಸೂಚಕ ಹಸಿರಾಗಿದೆಯೇ ನೋಡಿಕೊಳ್ಳಬೇಕು.

ಹೆಗಲ ಮೇಲಿನ ಪಟ್ಟಿಯನ್ನು ಎರಡು ಬೆರಳಲ್ಲಿ ಚಿವುಟಿ ನೋಡಿ. ಮಡಿಕೆ ಸಿಕ್ಕಿದರೆ ಇನ್ನೂ ಸಡಿಲ. ಚಳಿ ನಾಡುಗಳಲ್ಲಿರುವ ಕನ್ನಡಿಗರು ಮಗುವಿನ ದಪ್ಪ ಜಾಕೆಟ್ ತೆಗೆದೇ ಪಟ್ಟಿ ಹಾಕಬೇಕು.

ಭಾರತದಲ್ಲಿ ಮೋಟಾರು ವಾಹನ ಕಾಯ್ದೆಯ 194ಬಿ ಕಲಮಿನ ಪ್ರಕಾರ, 14 ವರ್ಷದೊಳಗಿನ ಮಗುವನ್ನು ಬೆಲ್ಟ್ ಅಥವಾ ಮಕ್ಕಳ ಸೀಟಿಲ್ಲದೆ ಕರೆದೊಯ್ದರೆ 1000 ರೂಪಾಯಿ ದಂಡ. ಆದರೆ ಅಂತರ್ಜಾಲದಲ್ಲಿ ಅಗ್ಗಕ್ಕೆ ಸಿಗುವ ಎಲ್ಲ ಸೀಟೂ ಪರೀಕ್ಷೆ ಪಾಸಾದವಲ್ಲ. ಆರ್129 ಅಥವಾ ಮಕ್ಕಳ ಸೀಟುಗಳಿಗೆ ನಮ್ಮ ದೇಶದ ಮಾನದಂಡವಾದ ಎಐಎಸ್-072ರ ಗುರುತು ಸೀಟಿನ ಮೇಲೇ ಇರಬೇಕು, ರಟ್ಟಿನ ಡಬ್ಬದ ಮೇಲಿದ್ದರೆ ಸಾಲದು. ಗುರುತಿಲ್ಲದ ತಿರುಗುವ ಸೀಟಿಗಿಂತ ಗುರುತಿರುವ ಸಾದಾ ಸೀಟು ಎಷ್ಟೋ ವಾಸಿ. ಅಡಿಪೀಠ ಸೇರಿದರೆ ತಿರುಗುವ ಸೀಟುಗಳು ಹೊತ್ತೊಯ್ಯುವಷ್ಟು ಹಗುರವಲ್ಲ. ಊರಿಗೆ ಹೊರಟಾಗಲೆಲ್ಲ ಬಾಡಿಗೆ ಕಾರು ಹಿಡಿಯುವವರಿಗೆ ಕಾರಿನ ಬೆಲ್ಟಿನಿಂದಲೇ ಕಟ್ಟುವ ಹಗುರ ಸೀಟು ಸರಿ.